ಬಹಳ ದೂರದ ಗೃಹ

ತಪ್ಪು ಒಂದೇ ಅಕ್ಷರದ್ದು. ಅದೂ ಪೂರ್ತಿ ಅಕ್ಷರದ್ದಲ್ಲ, ಅದರ ಕಾಲಿಗೆ ಜೋತುಬಿದ್ದ ಬಾಲದ್ದು. ಆದರೆ ಬರೆದವನು ಪರಮೇಶಪ್ಪ ಮಾಸ್ತರ.

ಅಕ್ಕಿಆಲೂರಿನ ಕನ್ನಡ ಶಾಲೆಯ ಕಟ್ಟೆಯ ಮೇಲೆ ಒಂದು ಕರಿಹಲಗೆ. ದಿನಾ ಬೆಳಿಗ್ಗೆ ಪತ್ರಿಕೆಯಿಂದ ಒಂದು ಸುದ್ದಿ ಆರಿಸಿ ಊರವರಿಗಾಗಿ ಅದರ ಮೇಲೆ ಬರೆಯುವುದು ಅವನ ಕೆಲಸ. ಅದು ೧೯೩೦ರ ಏಪ್ರಿಲ್. ಎಲ್ಲೆಲ್ಲೂ ಉಪ್ಪಿನದೇ ಮಾತು. ಆದರೆ ಸರಕಾರಿ ಪಗಾರದವನು ಉಪ್ಪಿನ ಸುದ್ದಿ ಬರೆದರೆ ಮರುದಿನ ಅವನ ಗಂಜಿಗೇ ಉಪ್ಪಿರುವುದಿಲ್ಲ. ಅದಕ್ಕಾಗಿ ಯಾರ ಗೋಜಿಗೂ ಹೋಗದ ಸುದ್ದಿಯೊಂದನ್ನು ಹುಡುಕಿದ, ಸಿಕ್ಕಿತು. ಅಮೇರಿಕೆಯ ಖಗೋಳಶಾಸ್ತ್ರಜ್ಞರು ಸೂರ್ಯನಿಂದ ಎಷ್ಟೋ ಕೋಟಿ ಮೈಲು ಆಚೆ ಹೊಸ ಗ್ರಹವೊಂದನ್ನು ಕಂಡಿದ್ದರು.

ಬರೆಯಲು ಖಡು ಕೈಗೆತ್ತಿಕೊಂಡಾಗ ಮಾಸ್ತರನ ಮನಸ್ಸು ಆಕಾಶದಲ್ಲಿರಲಿಲ್ಲ. ಲಗ್ನವಾಗಿ ಎರಡು ವರ್ಷಕ್ಕೆ ಹೆಂಡತಿ ಸರೋಜವ್ವ ಅಂದು ಸಂಜೆ ಮೊದಲ ಸಲ ಗಂಡನ ಮನೆಗೆ ಬರುವವಳಿದ್ದಳು. 'ನೆಟ್ಟಗ ಒಂದು ಮನಿ ಹಿಡೀರಿ, ಆಮ್ಯಾಲ ಹುಡುಗೀನ ಕಳಸ್ತೇನಿ' ಎಂದು ಅಷ್ಟು ದಿನ ತಡೆದಿದ್ದ ಮಾವ ಕರಿಬಸಪ್ಪನವರು ಕೊನೆಗೂ ಒಪ್ಪಿ, ಹಿಂದಿನ ದಿನವೇ ಹತ್ತಿಮತ್ತೂರಿನಿಂದ ಗಾಡಿ ಕಟ್ಟಿ ಹೊರಟಿದ್ದರು. ಫಕ್ಕೀರವ್ವನ ಎರಡು ಖೋಲಿ ಬಾಡಿಗೆಗೆ ಹಿಡಿದು ಮಾಸ್ತರ ತಾನೇ ನಿಂತು ಸುಣ್ಣ ಬಳಿದಿದ್ದ. ಮನಸ್ಸು ಆ ಗೋಡೆಗಳ ಮೇಲೆ ಓಡಾಡುತ್ತಿರುವಾಗ ಕೈ ಬರೆಯಿತು:

'ಹೊಸ ಗೃಹ ಸಿಕ್ಕಿತು! ಬಹು ದಿನಗಳಿಂದ ಹುಡುಕಾಟ ನಡೆದಿತ್ತು. ಬಹಳ ದೂರದಲ್ಲಿದೆ. ಬೆಳಕು ಕಡಿಮೆ, ಥಂಡಿ ಹೆಚ್ಚು. ಇನ್ನೂ ಹೆಸರಿಟ್ಟಿಲ್ಲ. — ಪರಮೇಶಪ್ಪ ಮಾಸ್ತರ.'

ಗ್ರಹ ಹೋಗಿ ಗೃಹವಾಗಿತ್ತು. ಆಕಾಶದ್ದು ಹೋಗಿ ಬಾಡಿಗೆಯದ್ದಾಗಿತ್ತು.

ಹನ್ನೊಂದಕ್ಕೆ ಶಾಲೆ ಬಿಟ್ಟು ಮನೆಗೆ ಬಂದರೆ ಅವನ ಟ್ರಂಕು, ಹಾಸಿಗೆಯ ಸುರುಳಿ, ಹೊಸ ತಾಮ್ರದ ಕೊಡ ಎಲ್ಲವೂ ಮೋಟಾರು ತಪ್ಪಿದ ಬೀಗರ ಹಾಗೆ ಕಟ್ಟೆಯ ಮೇಲೆ ಕುಳಿತಿದ್ದವು. ಒಳಗೆ ಸವಣೂರಿನ ಎಲೆ ವ್ಯಾಪಾರಿ ಖಾದರಸಾಬ ವೀಳ್ಯದೆಲೆಯ ಹಸಿ ಬುಟ್ಟಿಗಳನ್ನು ಗೋಡೆಗುಂಟ ಜೋಡಿಸುತ್ತಿದ್ದ.

"ಏನ್ರಿ ಇದು, ಫಕ್ಕೀರವ್ವಾರ?"

"ನನ್ನ ಕೇಳ್ತೀರೇನ್ರಿ? ಭಾಳ ದಿವಸದಿಂದ ಹುಡುಕಾಕತ್ತಿದ್ರಂತ! ನಿನ್ನಿ ಸಂಜಿಕ ನನ್ನ ಕೈಲೆ ಮಜ್ಜಿಗಿ ಇಸಕೊಂಡು ಕುಡದ್ರಿ, ಒಂದ ಮಾತು ಹೇಳಲಿಲ್ಲ."

"ನಾ ಏನು ಹುಡುಕಾಕತ್ತಿದ್ದೆ?"

"ಗ್ರಹ! ಊರ ಮಂದಿಯೆಲ್ಲಾ ಹಲಗಿ ಓದಿ ಬಂದು ಹೇಳಿದ್ರು. ಬೆಳಕಿಲ್ಲದ ಥಂಡಿ ಮನಿ ನಿಮಗ ಹಿತಾ ಆತು, ನನ್ನ ಮನಿ ಬ್ಯಾಡಾತು!"

"ಯವ್ವಾ, ಅದು ಗೃಹ ಅಲ್ರಿ, ಗ್ರಹ!"

"ನಾನೂ ಅದನ್ನ ಅನ್ನಾಕತ್ತೇನಿ. ಗ್ರಹ!"

"ಗೃ ಅಲ್ರಿ, ಗ್ರ! ಗ್ರ!"

"ಕಪ್ಪಿ ಹಂಗ ಒದರಿದ್ರ ಮನಿ ತಿರುಗಿ ಬರ್ತೈತೇನು?"

ಖಾದರಸಾಬ ಬಾಗಿಲಿಗೆ ಬಂದ. "ಸಿಟ್ಟಾಗಬ್ಯಾಡ್ರಿ ಮಾಸ್ತರಸಾಬ್. ನೀವು ಬಿಟ್ರಿ ಅಂದ್ರು, ನಾ ಎಲಿ ಇಳಿಸಿದೆ. ಈ ಬಿಸಲಾಗ ಎಲ್ಲಿ ಒಯ್ಯಲಿ? ಸುಣ್ಣಾ ಮಾತ್ರ ಛಲೋ ಬಳದೀರಿ. ಎಲಿಗೆ ಹೊಂದತೈತಿ."

ಯಾರೋ ಹಲಗೆಯನ್ನು ತಪ್ಪು ಓದಿದ್ದಾರೆ ಎಂದುಕೊಂಡು ಮಾಸ್ತರ ಶಾಲೆಗೆ ಓಡಿದ. ಅವರ ಕಿವಿ ಹಿಂಡಿ ಕರೆತಂದು ಫಕ್ಕೀರವ್ವನ ಮುಂದೆ ನಿಲ್ಲಿಸುವುದೆಂದು ದಾರಿಯಲ್ಲೇ ತೀರ್ಮಾನಿಸಿದ್ದ. ಹಲಗೆಯ ಮುಂದೆ ಹತ್ತು ಹನ್ನೆರಡು ಜನ ನಿಂತಿದ್ದರು. ಅವರ ತಲೆಗಳ ಮೇಲಿಂದ ಅವನಿಗೆ ತನ್ನದೇ ದುಂಡಗಿನ ಅಕ್ಷರ ಕಂಡಿತು. ಗೃ. ಬಾಲ ಎಷ್ಟು ಚೆಂದ ಬಿದ್ದಿತ್ತೆಂದರೆ, ಬೇರೆ ಯಾರಾದರೂ ಬರೆದಿದ್ದರೆ ಅವನೇ ಶಹಬ್ಬಾಸ್ ಎನ್ನುತ್ತಿದ್ದ.

ಅವನ ಕಿವಿಗಳು ಬಿಸಿಯಾದವು. ಒರೆಸಿಬಿಡೋಣವೆಂದರೆ ಹಲಗೆಗೆ ಬೆನ್ನು ಹಚ್ಚಿ ನಿಂತಿದ್ದವರು ಗಿರಣಿಯ ಚನ್ನವೀರಪ್ಪನವರು. ಎರಡು ತಿಂಗಳ ಹಿಂದೆ ಅವರ ಹೊಸ ಬೋರ್ಡಿನ ಮೇಲೆ 'ಅಕಿ ಗಿರಣಿ' ಎಂದಿದ್ದುದನ್ನು ನಡುಸಂತೆಯಲ್ಲಿ ನಿಂತು ಓದಿ, ಒತ್ತು ಎಲ್ಲಿ ಹೋಯಿತೆಂದು ಕೇಳಿ, ಮಂದಿಯನ್ನೆಲ್ಲ ನಗಿಸಿದವನು ಈ ಮಾಸ್ತರನೇ. ಇಂದು ಅವರ ಎದುರಿಗೆ ಬಾಯಿ ಬಿಡುವುದಕ್ಕಿಂತ ಬೀದಿಯಲ್ಲಿ ಮಲಗುವುದು ಸುಖವೆನಿಸಿತು.

"ಬರ್ರಿ ಬರ್ರಿ ಮಾಸ್ತರ್ರ," ಎಂದರು ಚನ್ನವೀರಪ್ಪನವರು. "ಓದಿದವರು ಮನಿಗೂ ಗೃಹ ಅಂತೀರಿ. ಸಿಕ್ತಂತಲ್ಲ?"

"ಹೌದ್ರಿ," ಎಂದ ಮಾಸ್ತರ. ಬಾಯಿಂದ ಹೊರಬಿದ್ದ ಮೇಲೆ ಅದು ಸುಳ್ಳೆಂದು ಅವನಿಗೆ ಹೊಳೆಯಿತು.

"ಯಾರ ಮನಿ?"

"ಇನ್ನೂ... ಹೆಸರಿಟ್ಟಿಲ್ರಿ."

"ಇರ್ಲಿ. ಇವತ್ತ ನಿಮ್ಮ ಮಾವ ಬರೂ ದಿನ. ಸಾಮಾನು ತಲಿ ಮ್ಯಾಲೆ ಹೊರ್ತೀರೇನು? ಬಿಸಲು ಇಳೀಲಿ, ನನ್ನ ಗಾಡಿ ಕಳಸ್ತೇನಿ. ನಾನೂ ಬರ್ತೇನಿ."

ಬೇಡವೆಂದಷ್ಟೂ ಅವರ ಉಪಕಾರ ಹೆಚ್ಚಿತು. ನಾಲ್ಕರ ಸುಮಾರಿಗೆ ಗಾಡಿ ಬಂದು ಸಾಮಾನು ಹೇರಿಕೊಂಡು ಹೊರಟಿತು. ಮುಂದೆ ದಾರಿ ತೋರಿಸುತ್ತ ಮಾಸ್ತರ, ಹಿಂದೆ ಚನ್ನವೀರಪ್ಪನವರು, ಅವರ ಹಿಂದೆ ಕೆಲಸವಿಲ್ಲದವರು. ಎಲ್ಲರಿಗಿಂತ ಹಿಂದೆ ಫಕ್ಕೀರವ್ವ. ತನ್ನ ಮನೆಯನ್ನು ಸೋಲಿಸಿದ ಮನೆ ಎಂಥಾದ್ದೆಂದು ಆಕೆಗೆ ನೋಡಲೇಬೇಕಾಗಿತ್ತು.

ಸಂತೆಪೇಟೆ ದಾಟಿತು. "ಇನ್ನೂ ಮುಂದ ಏನ್ರಿ?" "ಮುಂದರಿ." ಕುಂಬಾರ ಓಣಿ ದಾಟಿತು. "ಇನ್ನೂ?" "ಸ್ವಲ್ಪ ಮುಂದ." ಹಾನಗಲ್ಲಿನ ರಸ್ತೆಗೆ ಹತ್ತಿದರು. ಕೊನೆಯ ಮನೆ ಬಂತು. ಮಾಸ್ತರ ಅದನ್ನೂ ಆಸೆಯಿಂದ ನೋಡಿ ದಾಟಿದ.

"ಭಾಳ ದೂರ ಅಂತ ಬರದಿದ್ದು ಖರೇನ ಐತಿ ಬಿಡ್ರಿ," ಎಂದು ಹಿಂದಿನಿಂದ ಯಾರೋ ಮೆಚ್ಚಿಕೊಂಡರು.

ಎದುರಿಗೆ ಬರೀ ಗದ್ದೆ, ಒಂದು ಬೇವಿನ ಗಿಡ, ಆ ಗಿಡದ ಕೆಳಗೆ ಹಾದು ಬರುತ್ತಿರುವ ಒಂದು ಸವಾರಿ ಗಾಡಿ. ಗಾಡಿಗೆ ಪರದೆ ಕಟ್ಟಿತ್ತು. ಮುಂದೆ ಜರಿಯ ರುಮಾಲು ಸುತ್ತಿ ಕರಿಬಸಪ್ಪನವರು ಕುಳಿತಿದ್ದರು.

ಎರಡೂ ಗಾಡಿಗಳು ನಿಂತವು. ಮಾವ ಇಳಿದು ಸಾಮಾನು ನೋಡಿದರು, ಜನರನ್ನು ನೋಡಿದರು.

"ಮದವಿ ದಿಬ್ಬಣಕ್ಕೂ ಇಷ್ಟ ಮಂದಿ ಇರಲಿಲ್ಲ. ಇದೇನ್ರಿ?"

"ನಿಮ್ಮ ಅಳಿಯಂದ್ರ ಸಾಮಾನು ಹೊಸ ಮನಿಗೆ ಹೊಂಟೈತ್ರಿ," ಎಂದರು ಚನ್ನವೀರಪ್ಪನವರು.

"ಎಲ್ಲೈತಿ ಮನಿ?"

ಎಲ್ಲರೂ ಮಾಸ್ತರನತ್ತ ತಿರುಗಿದರು. ಪರದೆಯೂ ಒಂದು ಬೆರಳಷ್ಟು ಸರಿಯಿತು.

"ಮನಿ ಇಲ್ರಿ," ಎಂದ ಅವನು. ಮುಂದಿನದನ್ನು ಬಾಯಲ್ಲಿ ಹೇಳಿ ಪ್ರಯೋಜನವಿಲ್ಲವೆಂದು ಬೆಳಿಗ್ಗೆಯೇ ಗೊತ್ತಾಗಿತ್ತು. ರಸ್ತೆಯ ಧೂಳಿನಲ್ಲಿ ಮೊಣಕಾಲೂರಿ ಬೆರಳಿನಿಂದ ಎರಡೂ ಅಕ್ಷರ ಬರೆದ. "ಇದನ್ನ ಬರೀಬೇಕಾಗಿತ್ರಿ. ಇದನ್ನ ಬರದೆ. ಆಕಾಶದಾಗ ಒಂದು ಗ್ರಹ ಸಿಕ್ಕೈತಿ, ಅಷ್ಟ. ನಾ ಕಲಿಸಾಂವ, ನಾನ ತಪ್ಪಿದೆ. ಹೇಳಾಕ ನಾಚಿಕಿ ಬಂತ್ರಿ, ಅದಕ್ಕ ಇಲ್ಲೀತನಕ ನಡಸಿದೆ."

ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಹಗುರಾಗುತ್ತಿತ್ತು. ಚನ್ನವೀರಪ್ಪನವರು ಬಗ್ಗಿ ಎರಡೂ ಅಕ್ಷರಗಳನ್ನು ನಿಧಾನವಾಗಿ ಓದಿ ಎದ್ದರು.

"ನಮ್ಮ ಅಕಿ ಗಿರಣಿಯಾಗ ಮಂದಿಗೆ ಅಕ್ಕಿನರ ಸಿಗತಿತ್ತು ಬಿಡ್ರಿ, ಮಾಸ್ತರ್ರ."

ಆಗ ಎಲ್ಲರೂ ನಕ್ಕರು. ಅದರಿಂದಲೂ ಹಗುರಾಗಲಿಲ್ಲ.

ಕರಗಿದವಳು ಫಕ್ಕೀರವ್ವ. "ಇಷ್ಟ ಹೌದಾ? ನನ್ನ ಮನಿ ಬ್ಯಾಡ ಅಂದಿಲ್ಲಲ್ಲ ನೀವು? ಏಳ್ರಿ ಮ್ಯಾಲೆ, ಧೋತರ ಹೊಲಸಾತು. ಖಾದರಸಾಬನ ಎಲಿ ಹಿತ್ತಲ ಛಪ್ಪರದಾಗ ಇಡಸ್ತೇನಿ. ಮನಿ ನಿಮ್ದ. ಬಾರ ತಂಗಿ ಸರೋಜವ್ವಾ, ಇಳಿಯವ್ವಾ."

ಮಾಸ್ತರನಿಗೆ ಹೋದ ಜೀವ ಬಂದಂತಾಯಿತು. ಗಾಡಿಯ ಅಂಚಿನಲ್ಲಿ ಕಾಲುಂಗುರದ ಒಂದು ಪಾದ ಕಾಣಿಸಿಕೊಂಡಿತು.

"ತಡಿ," ಎಂದರು ಕರಿಬಸಪ್ಪನವರು. ಪಾದ ನಿಂತಿತು. "ಗ್ರಹ ಅಂದ್ರಿ. ಯಾವ ಗ್ರಹ?"

"ಹೊಸಾದ್ರಿ, ಮಾವಾರ. ಮೊನ್ನಿ ಮೊನ್ನಿ ಕಂಡಾರ."

"ಇದಾದ್ರೂ ಖರೇ ಏನು?"

"ಖರೇರಿ. ಪತ್ರಿಕಾದಾಗ ಐತಿ."

ಮಾವ ಬೆರಳು ಮಡಚಿ ಎಣಿಸಿದರು. ಒಂದು ಕೈಯ ಬೆರಳು ಮುಗಿದು ಇನ್ನೊಂದರವೂ ಮುಗಿದವು. ಹತ್ತನೆಯ ಬೆರಳು ಹಿಡಿದುಕೊಂಡು ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಿಮ್ಮಿಬ್ಬರ ಜಾತಕ ಒಂಬತ್ತು ಗ್ರಹ ನೋಡಿ ಕೂಡಿಸಿದ್ದು. ಇನ್ನೊಂದು ಕತ್ತಲಾಗ ಕುಂತು ನೋಡಾಕತ್ತಿತ್ತು ಅಂತ ಯಾರಿಗೆ ಗೊತ್ತಿತ್ತು?"

"ಅದು ಭಾಳ ದೂರ ಐತ್ರಿ. ನಮಗೇನೂ ಮಾಡೂದಿಲ್ಲ."

"ಶನಿ ಏನು ಬಾಜೂ ಓಣಿಯಾಗ ಅದಾನೇನು?"

ಫಕ್ಕೀರವ್ವ ಹೌದೆಂದು ತಲೆಯಾಡಿಸಿದಳು. ಚನ್ನವೀರಪ್ಪನವರೂ ಆಡಿಸಿದರು. ಪಾದ ಮೆಲ್ಲಗೆ ಒಳಗೆ ಹೋಯಿತು.

"ನಾ ಹಟಮಾರಿ ಅಲ್ಲ," ಎಂದರು ಮಾವ ಗಾಡಿ ಹತ್ತುತ್ತ. "ಅದು ಸೂರ್ಯನ ಸುತ್ತ ಒಂದು ಸುತ್ತು ಹಾಕಿ ಬರ್ಲಿ. ಅದರ ಗುಣ ಎಂಥಾದ್ದಂತ ತಿಳಕೊಂಡು ನಾನ ಹುಡುಗೀನ ತಂದು ಬಿಡ್ತೇನಿ. ಒಂದು ಸುತ್ತಿಗೆ ಎಷ್ಟು ದಿನಾ ಬೇಕ್ರಿ ಅದಕ್ಕ?"

ಆರು ತಿಂಗಳು ಎನ್ನಬಹುದಿತ್ತು. ಆದರೆ ಮಾಸ್ತರನ ಮೊಣಕಾಲಿನ ಧೂಳು ಇನ್ನೂ ಉದುರಿರಲಿಲ್ಲ. ಅದೇ ದಿನ ಎರಡನೆಯ ಸುಳ್ಳಿಗೆ ನಾಲಿಗೆ ಏಳಲಿಲ್ಲ. ತಲೆ ತಗ್ಗಿಸಿ ಹೇಳಿದ:

"ಅಂದಾಜು ಮುನ್ನೂರು ವರ್ಷ ಅಂತಾರ್ರಿ."

ಪರದೆಯ ಹಿಂದೆ ಬಳೆಗಳ ಸದ್ದಾಯಿತು. ಅವಳು ನಕ್ಕಳೋ ಅತ್ತಳೋ ಅವನಿಗೆ ತಿಳಿಯಲಿಲ್ಲ. ಗಾಡಿ ಆಗಲೇ ತಿರುಗಿತ್ತು.