ಮಗಳ ಓಂ ಸೈನ್ಸು

ಮೇಷ್ಟರಾದವನಿಗೆ ಎಲ್ಲವೂ ಗೊತ್ತಿರುತ್ತದೆ ಎಂದು ನಮ್ಮ ಜನ ನಂಬಿದ್ದಾರೆ. ಆ ನಂಬಿಕೆಯನ್ನು ಕೆಡಿಸುವಷ್ಟು ಕಟುಕ ನಾನಲ್ಲ. ಹನೂರಿನ ಕಡೆಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಕೊಳ್ಳೇಗಾಲದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವಾಗ ಪಕ್ಕದಲ್ಲಿ ಕೂತವರು ತಮ್ಮ ಮಕ್ಕಳ ಮುಂದಿನ ಓದಿನ ಬಗ್ಗೆ ಕೇಳುತ್ತಾರೆ, ನಾನು ಯಾರನ್ನೂ ಬರಿಗೈಯಲ್ಲಿ ಕಳಿಸಿದವನಲ್ಲ. "ಸಾ, ನಮ್ ಉಡ್ಗ ಅದೇನೋ ಮೆಕಾಟ್ರಾನಿಕ್ಸಂತೆ, ಸೇರುಸ್ಬೋದಾ?" ಎಂದರೆ, "ಸೇರಿಸಿ, ಸ್ಕೋಪ್ ಇದೆ" ಎನ್ನುತ್ತೇನೆ. ಸ್ಕೋಪ್ ಎಂಬುದು ಬಹಳ ಉಪಕಾರಿ ಪದ. ಅದರ ಅರ್ಥವೇನು ಎಂದು ಯಾರೂ ಕೇಳಿರಲಿಲ್ಲ. ಕುಂತೂರಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಓಡಿಸುವವರೊಬ್ಬರ ಮಗಳನ್ನು ಬರೀ ಸ್ಕೋಪಿನ ಆಧಾರದ ಮೇಲೆ ಸಂಖ್ಯಾಶಾಸ್ತ್ರಕ್ಕೆ ಕಳಿಸಿದ್ದೆ. ಅವಳು ಈಗ ಚೆನ್ನಾಗಿಯೇ ಇದ್ದಾಳೆ, ಅದರಲ್ಲಿ ನನ್ನ ಪಾತ್ರವೇನೂ ಇಲ್ಲ.

ಹೀಗಿರುವಾಗ, ಪಿಯುಸಿ ಫಲಿತಾಂಶ ಬಂದ ವಾರ ನನ್ನ ಮಗಳು ಹೇಮಾ ಊಟಕ್ಕೆ ಕೂತಾಗ, "ಅಪ್ಪಾ, ನಾನು ಚೈಲ್ಡ್ ಡೆವಲಪ್‌ಮೆಂಟ್ ಅಂಡ್ ಫ್ಯಾಮಿಲಿ ಸ್ಟಡೀಸ್ ಓದ್ತೀನಿ" ಎಂದಳು. ಅಭ್ಯಾಸಬಲ ನೋಡಿ, "ಓದು, ಸ್ಕೋಪ್ ಇದೆ" ಎಂದುಬಿಟ್ಟೆ. ಅವಳು ಅನ್ನ ಕಲಸುವುದನ್ನು ನಿಲ್ಲಿಸಿ, "ಏನು ಸ್ಕೋಪು?" ಎಂದಳು. ನಾನು ಇನ್ನೊಂದು ಸಲ ಮಜ್ಜಿಗೆ ಹಾಕಿಸಿಕೊಂಡೆ.

ಅವಳಿಗೆ ಈ ಓದಿನ ಆಸೆ ಎಲ್ಲಿಂದ ಹತ್ತಿತು ಎಂಬುದು ನನಗೆ ಗೊತ್ತಿತ್ತು, ಗೊತ್ತಿಲ್ಲದವನಂತೆ ಇದ್ದೆ ಅಷ್ಟೆ. ನಮ್ಮದು ಕೂಡುಕುಟುಂಬ. ಮಹಡಿಯಲ್ಲಿ ತಮ್ಮನ ಸಂಸಾರ. ತಮ್ಮನ ಮಗ ಮಾದೇಶನಿಗೆ ಎರಡೂವರೆ ವರ್ಷವಾದರೂ ಮಾತು ಬಂದಿರಲಿಲ್ಲ, ಕೂಗಿದರೆ ತಿರುಗುತ್ತಲೂ ಇರಲಿಲ್ಲ. ತಮ್ಮನ ಹೆಂಡತಿ ಗಾಬರಿಯಾಗಿ, "ಭಾವ, ದಿನಾ ಅಷ್ಟೊಂದ್ ಮಕ್ಳ ನೋಡ್ತೀರಿ, ಇವ್ನಿಗೇನಾರ ತೊಂದ್ರೆ ಅದಾ?" ಎಂದು ನನ್ನನ್ನೇ ಕೇಳಿದಳು. ನಾನು ಮಗುವನ್ನು ಕನ್ನಡಕದ ಮೇಲಿಂದ ನೋಡಿ, "ಏನೂ ಇಲ್ಲಮ್ಮ, ಏಕಾಗ್ರತೆ. ಗಣಿತದವನಾಗುವ ಲಕ್ಷಣ" ಎಂದೆ. ಆರು ತಿಂಗಳು ಮನೆಗೆ ಬಂದವರಿಗೆಲ್ಲ ಆ ಏಕಾಗ್ರತೆಯನ್ನು ತೋರಿಸಿದ್ದಾಯಿತು. ಒಂದು ದಿನ ಹೇಮಾ ಅವನ ಬೆನ್ನ ಹಿಂದೆ ನಿಂತು ಊಟದ ತಟ್ಟೆಗೆ ಸೌಟಿನಿಂದ ಜೋರಾಗಿ ಬಡಿದಳು. ಅಡುಗೆಮನೆಯ ಬೆಕ್ಕು ಹೊರಗೆ ಓಡಿತು, ನನ್ನ ಕೈಯಿಂದ ಪೇಪರು ಬಿತ್ತು, ಮಾದೇಶ ಮಾತ್ರ ತನ್ನ ಪ್ಲಾಸ್ಟಿಕ್ ಲಾರಿ ಉರುಳಿಸುತ್ತಲೇ ಇದ್ದ. ಮೈಸೂರಿನ ಡಾಕ್ಟರು ಪರೀಕ್ಷೆ ಮಾಡಿ, "ಕಿವಿ ಮಂದ ಇದೆ. ಇನ್ನೂ ಮುಂಚೆ ಬರಬೇಕಿತ್ತು" ಎಂದರು. ಆ ಮಾತು ಆಗ ಚುಚ್ಚಿತು, ಈಗಲೂ ಚುಚ್ಚುತ್ತದೆ. ಕಿವಿಗೆ ಮಿಷನ್ನು ಹಾಕಿಸಿ ಎರಡು ವರ್ಷವಾಯಿತು, ಈಗ ಅವನು ಬಾಯಿ ಮುಚ್ಚುವುದು ನಿದ್ದೆಯಲ್ಲಿ ಮಾತ್ರ. ಕಳೆದುಹೋದ ಆ ಆರು ತಿಂಗಳಿಗೆ ಹೊಣೆ ಯಾರು ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿಲ್ಲ.

ಆದ್ದರಿಂದ ಮಗಳಿಗೆ ಬೇಡ ಎನ್ನುವ ಮುಖ ನನಗಿರಲಿಲ್ಲ. ನನ್ನ ಹೆಂಡತಿ ಷರತ್ತು ಹಾಕಿದಳು: "ಫೀಸು ನಮ್ಮ ಕೈಗೆಟುಕೋ ಹಾಗಿರಬೇಕು, ಓದು ಗಟ್ಟಿಯಾಗಿರಬೇಕು, ಹಾಸ್ಟೆಲ್ಲು ನೆಮ್ಮದಿಯಾಗಿರಬೇಕು. ತಿಂಗಳ ಕೊನೆಯೊಳಗೆ ಅಂಥದ್ದು ಸಿಗದಿದ್ದರೆ ಇಲ್ಲೇ ಕೊಳ್ಳೇಗಾಲದಲ್ಲಿ ಬಿ.ಕಾಂ." ಗಂಡು ಹುಡುಕುವವರೂ ಇಷ್ಟು ಕೇಳುವುದಿಲ್ಲ. ಮುಂಜಾಗ್ರತೆಗೆಂದು ನಾನೇ ಬಿ.ಕಾಂ. ಅರ್ಜಿ ತಂದು ಫ್ರಿಜ್ಜಿನ ಮೇಲಿಟ್ಟೆ. ಅಂದಿನಿಂದ ಹೇಮಾ ತಣ್ಣೀರು ಕುಡಿಯುವುದನ್ನೇ ಬಿಟ್ಟಳು.

ಹುಡುಕಾಟ ಶುರುವಾಯಿತು. ಸೈಬರ್ ಸೆಂಟರಿನ ಬಸವರಾಜು ಕಂಪ್ಯೂಟರಿನಲ್ಲಿ ಏನೇನೋ ಒತ್ತಿ, ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯ ವಿಳಾಸ ತೆಗೆದುಕೊಟ್ಟು, "ಇಲ್ಲೇ ವಿಚಾರ್ಸಿ ಸಾ, ಸೀಟ್ ಇದ್ರೂ ಇರ್ಬೋದು" ಎಂದ. ಬಸ್ಸಿನಲ್ಲಿ ಅಜ್ಜೀಪುರದ ರೈತರೊಬ್ಬರು ನನ್ನ ಕಷ್ಟವನ್ನು ಗಂಭೀರವಾಗಿ ಕೇಳಿಸಿಕೊಂಡು, "ಅಭಿವೃದ್ಧಿ ಅಂದ್ರೆ ರೋಡು, ಚರಂಡಿ ಆಗ್ಬೇಕು ಸಾ. ಮಕ್ಳು ತಾವಾಗೇ ಆಯ್ತವೆ" ಎಂದರು. ವರ್ಷಗಟ್ಟಲೆ ನಾನು ಸಲಹೆ ಕೊಟ್ಟ ಬಸ್ಸೇ ನನಗೆ ಸಲಹೆ ಕೊಡತೊಡಗಿತ್ತು. ಅವರಲ್ಲಿ ಒಬ್ಬರಾದರೂ "ಸ್ಕೋಪ್ ಇದೆ" ಎಂದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ನಿಜವಾದ ಅಡ್ಡಿ ಮನೆಯಲ್ಲಿತ್ತು. ನಮ್ಮವ್ವನಿಗೆ ಎಂಬತ್ತು ದಾಟಿದೆ, ಅವಳು ಹೂಂ ಅನ್ನದೆ ನಮ್ಮ ಮನೆಯಲ್ಲಿ ಹಸುವನ್ನೂ ಮಾರುವುದಿಲ್ಲ. ವಿಷಯ ಕಿವಿಗೆ ಬಿದ್ದದ್ದೇ, "ಮಕ್ಳ ಸಾಕೋದ್ ಕಲ್ಯಕೆ ಕಾಲೇಜಾ? ಆರ್ ಮಕ್ಳ ಎತ್ತು ಸಾಕಿವ್ನಿ. ಯಾವ್ ಕಾಲೇಜ್ಗೆ ಓಗಿದ್ದೆ ನಾನು?" ಎಂದು ಎದ್ದು ಕೂತಳು. ನಮ್ಮ ಸೀಮೆಯಲ್ಲಿ ಹಕಾರಕ್ಕೆ ಮರ್ಯಾದೆ ಕಡಿಮೆ ಎಂಬುದನ್ನು ಇಲ್ಲಿ ಹೇಳಬೇಕು. ಹಾಲು ಆಲು, ಹನೂರು ಅನೂರು, ನಮ್ಮ ಹೇಮಾ ಹುಟ್ಟಿದಾಗಿನಿಂದ ಏಮಾ. ಗುಣಾಕಾರ, ಭಾಗಾಕಾರ ಎಲ್ಲ ಹತ್ತಿಸಿದ್ದೇನೆಯೇ ಹೊರತು ನನ್ನ ಶಾಲೆಯ ಮಕ್ಕಳಿಗೂ 'ಹ' ಹತ್ತಿಲ್ಲ. ಸಮಾಧಾನ ಮಾಡಲೆಂದು ನಾನು, "ಅವ್ವ, ಕಾಲೇಜಿನವರು ಇದಕ್ಕೆ ಹೋಮ್ ಸೈನ್ಸು ಅಂತಾರೆ" ಎಂದೆ.

"ಓಂ ಸೈನ್ಸಾ?" ಎಂದಳು ಅವ್ವ. ಮುಖ ಬೆಳಗಿತು. ಹಣೆಯ ವಿಭೂತಿಯನ್ನು ಒಮ್ಮೆ ಮುಟ್ಟಿಕೊಂಡು, "ಅದ್ನ ಮೊದ್ಲೇ ಏಳ್ಬಾರ್ದೇನ್ಲಾ? ಶಿವನ ಸಮಾಚಾರ ಕಲ್ತ್ಕತೀನಿ ಅಂದ್ರೆ ನಾ ಬ್ಯಾಡ ಅಂತೀನಾ?" ಎಂದಳು. ತಿದ್ದುವುದು ನನ್ನ ಕಸುಬು. ಸಾವಿರಾರು ಮಕ್ಕಳ ಲೆಕ್ಕ ತಿದ್ದಿದ್ದೇನೆ. ಆದರೆ ಅವತ್ತು ತಿದ್ದಲಿಲ್ಲ. ನಾನೇನೂ ಸುಳ್ಳು ಹೇಳಿಲ್ಲವಲ್ಲ ಎಂದು ಎದ್ದು ಹೋಗಿ ಬಟ್ಟೆಗೆ ಇಸ್ತ್ರಿ ಹಾಕತೊಡಗಿದೆ. ಎರಡು ದಿನದಲ್ಲಿ ಬೀದಿಗೆಲ್ಲ ಗೊತ್ತಾಯಿತು. ಪಕ್ಕದ ಮನೆಯ ಗೌರಮ್ಮನವರು, "ಏಮಾ ಕಲ್ತ್ಬಂದ್ ಮೇಲೆ ನಮ್ಮನೆ ಗೃಹಪ್ರವೇಶಕ್ಕೆ ಅವ್ಳೇ ಬರ್ಲಿ ಮೇಷ್ಟ್ರೇ, ಬ್ಯಾರೆ ಅಯ್ನೋರ್ ಯಾಕೆ?" ಎಂದರು. ಅದಕ್ಕೂ ತಲೆಯಾಡಿಸಿದೆ.

ಕೊನೆಗೆ ದಾರಿ ತೋರಿಸಿದವರು ಯಳಂದೂರಿನ ಮಹದೇವಮ್ಮನವರು. ಅಂಗನವಾಡಿಗಳ ಮೇಲ್ವಿಚಾರಕಿಯಾಗಿದ್ದು ನಿವೃತ್ತರಾದವರು. ಒಂದು ಭಾನುವಾರ ಹೇಮಾಳನ್ನು ಕರೆದುಕೊಂಡು ಅವರ ಮನೆಗೆ ಹೋದೆ. ನಾನು ಸ್ಕೋಪಿನ ಮಾತು ತೆಗೆಯುವ ಮುಂಚೆಯೇ ಅವರು ಹೇಮಾಳ ಕಡೆಗೆ ತಿರುಗಿ, "ನೋಡವ್ವ, ಬಿಲ್ಡಿಂಗ್ ನೋಡ್ಬ್ಯಾಡ, ಬಣ್ಣದ್ ಪುಸ್ತಕ ನೋಡ್ಬ್ಯಾಡ. ಕಾಲೇಜ್ ಒಳಗೇ ಒಂದ್ ಶಿಶುವಿಹಾರ ಇದ್ದದಾ ಕೇಳು. ಓದೋರ್ನ ಅಳ್ಳಿ ಅಂಗನವಾಡಿಗೆ ಕಳುಸ್ತಾರಾ ಕೇಳು. ಎರಡೂ ಇದ್ರೆ ಸೇರ್ಕೊ, ಇಲ್ದಿದ್ರೆ ಬಸ್ ಅತ್ಕಂಡು ವಾಪಸ್ ಬಾ" ಎಂದರು. ಇಪ್ಪತ್ತೆಂಟು ವರ್ಷದಲ್ಲಿ ನಾನು ಕೊಟ್ಟ ಸಲಹೆಗಳನ್ನೆಲ್ಲ ಕೂಡಿಸಿದರೂ ಇಷ್ಟು ತೂಕ ಬರುವುದಿಲ್ಲ ಎನ್ನಿಸಿ ಅವರು ಕೊಟ್ಟ ಕಾಫಿಯನ್ನು ತಲೆ ತಗ್ಗಿಸಿ ಕುಡಿದೆ.

ಆದರೂ ನಾನು ಮೊದಲು ಕರೆದುಕೊಂಡು ಹೋದದ್ದು ಬಣ್ಣದ ಪುಸ್ತಕದ ಕಾಲೇಜಿಗೇ. ಮೈಸೂರಿನ ಹೊರವಲಯದ ಖಾಸಗಿ ಕಾಲೇಜು. ಅವರು ಹಂಚುವ ಮಾಹಿತಿ ಪುಸ್ತಕದ ತುಂಬ ಹಾಲುಗೆನ್ನೆಯ ವಿದೇಶಿ ಕೂಸುಗಳು. ಫೀಸು ಕೇಳಿದಾಗ ಆ ಕೂಸುಗಳನ್ನೂ ಸೇರಿಸಿ ಕೊಡುತ್ತಾರೇನೋ ಅನ್ನಿಸಿತು. ಪ್ರಯೋಗಾಲಯ ತೋರಿಸಿ ಎಂದರೆ ಅಟೆಂಡರು ಬೀಗ ತೆಗೆದ. ಒಳಗೆ ಕಪಾಟಿನಲ್ಲಿ ಗೊಂಬೆಗಳು, ಮರದ ಕುದುರೆ, ಬಣ್ಣದ ಮಣಿಗಳು, ಒಂದೊಂದಕ್ಕೂ ದಾಸ್ತಾನು ನಂಬರು. ಗೊಂಬೆಗಳ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿರಲಿಲ್ಲ. "ಮಕ್ಕಳೆಲ್ಲಿ?" ಎಂದು ಹೇಮಾ ಕೇಳಿದಳು. "ಮಕ್ಳು ಬಂದ್ರೆ ಇವೆಲ್ಲ ಉಳಿತವಾ ಮೇಡಂ?" ಎಂದ ಅಟೆಂಡರು. ಅವನ ಮಾತು ನ್ಯಾಯವಾಗಿಯೇ ಇತ್ತು. ನಾವು ಬಸ್ ಹತ್ತಿ ವಾಪಸ್ ಬಂದೆವು.

ತಿಂಗಳು ಮುಗಿಯಲು ಎರಡೇ ದಿನ ಇತ್ತು. ಮೈಸೂರಿನಲ್ಲೇ ಹಳೆಯದೊಂದು ಸರ್ಕಾರಿ ಕಾಲೇಜಿದೆ ಎಂದು ಮಹದೇವಮ್ಮನವರು ಗುರುತು ಹೇಳಿದ್ದರು. ಹೋದೆವು. ಗೋಡೆಯ ಸುಣ್ಣ ಉದುರುತ್ತಿತ್ತು, ಗೇಟಿಗೆ ಅರ್ಧ ಬಾಗಿಲು. ಆದರೆ ಒಳಗೆ ಕಾಲಿಡುವ ಮೊದಲೇ ಗದ್ದಲ ಕೇಳಿಸಿತು. ಹಿಂದಿನ ಅಂಗಳದಲ್ಲಿ ಇಪ್ಪತ್ತು ಮಕ್ಕಳು ಮರಳಿನಲ್ಲಿ ಬಿದ್ದು ಹೊರಳುತ್ತಿದ್ದವು, ವಿದ್ಯಾರ್ಥಿನಿಯರು ಪಕ್ಕದಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಫೀಸು ನನ್ನ ಸಂಬಳ ಹೆದರುವಂಥದ್ದೇನೂ ಆಗಿರಲಿಲ್ಲ, ಹಾಸ್ಟೆಲ್ಲು ಕೂಗಳತೆಯಲ್ಲಿತ್ತು. ಹೇಮಾ ನನ್ನ ತೋಳು ಹಿಡಿದು, "ಅಪ್ಪಾ, ಇದೇ" ಎಂದಳು. ಉಳಿದಿದ್ದದ್ದು ಒಂದೇ ಸೀಟು. ವಿಭಾಗದ ಮುಖ್ಯಸ್ಥೆ ಮಾತಾಡಿಸಿ ನೋಡಿ ತೀರ್ಮಾನಿಸುತ್ತಾರೆ ಎಂದರು ಕಚೇರಿಯವರು. ನಮ್ಮ ಮುಂದೆ ಇನ್ನೂ ಇಬ್ಬರು ಹುಡುಗಿಯರು ಕೂತಿದ್ದರು. ಫೈಲನ್ನು ಮೂರು ಸಲ ಬಿಚ್ಚಿ ನೋಡಿದ್ದು ಹೇಮಾ ಅಲ್ಲ, ನಾನು.

ನಮ್ಮ ಸರದಿ ಬಂದು ಒಳಗೆ ಕೂತಾಗ ಅಂಗಳದಿಂದ ಒಂದು ಪುಟ್ಟ ಹುಡುಗಿ ಸೀದಾ ಒಳಬಂದು ನನ್ನ ಜೇಬಿನ ಪೆನ್ನು ಕಿತ್ತುಕೊಂಡಳು. ಕ್ಲಾಸಿನ ದನಿಯಲ್ಲಿ "ಕೊಡು" ಎಂದೆ. ಮಗು ಬಿಕ್ಕಿ ಅಳತೊಡಗಿತು. ಹೇಮಾ ಕೆಳಗೆ ಕುಕ್ಕರುಗಾಲಲ್ಲಿ ಕೂತು, ತನ್ನ ಫೈಲಿನಿಂದ ಒಂದು ಹಾಳೆ ತೆಗೆದು ಅದರ ಮುಂದೆ ಇಟ್ಟಳು. ಅಳು ನಿಂತು ಗೀಚುವುದು ಶುರುವಾಯಿತು. ಮುಖ್ಯಸ್ಥೆ ಇದನ್ನೆಲ್ಲ ನೋಡುತ್ತಿದ್ದು, "ಈ ವಿಷಯ ಯಾಕೆ ಆರಿಸಿಕೊಂಡೆ?" ಎಂದರು. ಹೇಮಾ, "ನಮ್ಮ ತಂದೆಯನ್ನ ನೋಡಿ ಮೇಡಂ. ಇಪ್ಪತ್ತೆಂಟು ವರ್ಷದಿಂದ ಮೇಷ್ಟ್ರು" ಎಂದಳು. ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. "ಅವರನ್ನ ನೋಡಿ, ಮಕ್ಕಳ ಬಗ್ಗೆ ನಮ್ಮ ಮನೆಯಲ್ಲಿ ಒಬ್ಬರಾದರೂ ಓದಲೇಬೇಕು ಅನ್ನಿಸಿತು" ಎಂದು ಮಾತು ಮುಗಿಸಿ, ತಟ್ಟೆ ಬಡಿದ ಕಥೆಯನ್ನೂ ಹೇಳಿದಳು. ಏಕಾಗ್ರತೆಯನ್ನೂ ಬಿಡಲಿಲ್ಲ. ಮುಖ್ಯಸ್ಥೆ ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿ, ಅರ್ಜಿಯ ಮೇಲೆ ಸಹಿ ಹಾಕಿದರು.

ಕೊಳ್ಳೇಗಾಲದಲ್ಲಿ ಬಸ್ಸಿಳಿದು ಹೇಮಾಳನ್ನು ಮನೆಗೆ ಕಳಿಸಿ ನಾನು ಸಿಹಿ ತರಲು ಹೋದೆ. ಡಬ್ಬಿ ಹಿಡಿದು ಮನೆಗೆ ಬಂದಾಗ ಅವ್ವ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದಳು, ಪಕ್ಕದಲ್ಲಿ ಮಾದೇಶ ಬಾಯಿಗೆ ಬಿಡುವಿಲ್ಲದೆ ಲಾರಿಯ ಕಥೆ ಹೇಳುತ್ತಿದ್ದ. "ಅವ್ವ, ಸೀಟು ಸಿಕ್ತು. ಯಾಕೆ ಈ ಓದು ಅಂತ ಕೇಳಿದ್ದಕ್ಕೆ ಏನಂದಳು ಗೊತ್ತಾ? ನಮ್ಮ ತಂದೆಯನ್ನ ನೋಡಿ ಅಂದಳು" ಎಂದೆ. ಅಲ್ಲಿಗೆ ನಿಲ್ಲಿಸಿದೆ. ಈ ಸಲವೂ ಸುಳ್ಳು ಹೇಳಿರಲಿಲ್ಲ.

"ಮಿಕ್ಕಿದ್ದ ಏಮಾ ಏಳುದ್ಲು ಬುಡು" ಎಂದಳು ಅವ್ವ, ಸೊಪ್ಪಿನಿಂದ ಕಣ್ಣೆತ್ತದೆ. "ಓಂ ಅಲ್ಲ ಅಜ್ಜಿ, ಮನೆ ಸಮಾಚಾರ ಅಂತ ಅವತ್ ಸಂಜೇಲೇ ಏಳಿದ್ಲು. ನೀನಂತೂ ತಿದ್ನಿಲ್ಲ. ಮಾದೇಸನ್ ಕಿವಿ ವಿಚಾರ ಎತ್ತುದ್ಲು, ನಾನೂ ಆಗ್ಲಿ ಅಂದೆ."

"ಆರು ಮಕ್ಕಳನ್ನ ಸಾಕಿದೀನಿ, ಕಾಲೇಜು ಯಾಕೆ ಅಂದಿದ್ದೆಯಲ್ಲ?" ಎಂದೆ, ಡಬ್ಬಿಯ ದಾರ ಬಿಚ್ಚುತ್ತ.

ಅವ್ವ ಕಡ್ಡಿಯನ್ನು ಬುಟ್ಟಿಯ ಆಚೆಗೆ ಎಸೆದು, ಈಗ ನನ್ನನ್ನು ಸರಿಯಾಗಿ ನೋಡಿದಳು. "ಅಂದಿದ್ದೆ ಕಣ್ಲಾ. ನಾನೂ ಓಗಿದ್ರೆ ನಿನ್ನ ಇನ್ನೂ ಒಸಿ ಚೆಂದಾಗಿ ಸಾಕ್ಬೋದಿತ್ತು."