ಯಾರ ಕಂಪ್ಯೂಟರ್ ಮೊದಲು?

ಗಂಡ ಹೆಂಡತಿ ಇಬ್ಬರೂ ಒಂದೇ ಕಣ್ಣಾಸ್ಪತ್ರೆಯಲ್ಲಿ ಕೆಲಸಕ್ಕಿದ್ದರು. ಮಹಡಿಯ ದೊಡ್ಡ ಕಂಪ್ಯೂಟರ್ ಅವನ ಸುಪರ್ದಿ, ಕೆಳಗಿನದು ಅವಳದು. ಒಂದೊಂದರ ಹೊಟ್ಟೆಯಲ್ಲೂ ಬಾಡಿಗೆದಾರರಂತೆ ವರ್ಚುವಲ್ ಮಷೀನುಗಳು, ಅಂದರೆ ಬರೀ ಸಾಫ್ಟ್‌ವೇರಿನಲ್ಲಿ ನಡೆಯುವ ಪುಟ್ಟ ಕಂಪ್ಯೂಟರುಗಳು: ಅವನಲ್ಲಿ ಟೋಕನ್ ಕೊಡುವುದು, ಅವಳಲ್ಲಿ ಔಷಧಿ ಅಂಗಡಿಯದು. ಎರಡರ ಫ್ಯಾನೂ ಗೂರಲು ಹತ್ತಿದ ಹಾಗೆ ಕೆಮ್ಮುತ್ತಿತ್ತು. ಮಧ್ಯಾಹ್ನ ಬರುವ ರಿಪೇರಿಯವನು ಒಂದನ್ನು ಮಾತ್ರ ಬಿಚ್ಚುತ್ತಾನೆ. ಅಷ್ಟರೊಳಗೆ ಅದರ ಮಷೀನುಗಳನ್ನು ಇನ್ನೊಂದಕ್ಕೆ ಸಾಗಿಸಿ ಖಾಲಿ ಮಾಡಿರಬೇಕು.

"ನಂದು ಮೊದಲು" ಎಂದು ತಿಂಡಿಯ ಹೊತ್ತಿಗೆ ಶುರುವಾದ ಮಾತು ಜಗಳವಾಗಿ, ಇಬ್ಬರೂ ಬೇರೆ ಬೇರೆ ಬಸ್ಸು ಹತ್ತಿದರು.

ಬಸ್ಸಿನಲ್ಲಿ ಅವನ ಮನಸ್ಸು ಬೆಣ್ಣೆಯಾಯಿತು. ಪಾಪ, ಅವಳದೇ ಮೊದಲಾಗಲಿ. ಆಸ್ಪತ್ರೆಗೆ ಬಂದವನೇ, ಹೇಳದೆ ಕೇಳದೆ ಅವಳ ಔಷಧಿ ಮಷೀನನ್ನು ಮೇಲಕ್ಕೆ ಎಳೆದುಕೊಂಡ. ಅದು ಬಂದು ಕೂತ ಮೇಲೆ ನೋಡಿದರೆ, ಅವನ ಟೋಕನ್ ಮಷೀನೇ ನಾಪತ್ತೆ.

ಪರದೆಯನ್ನು ಮೇಲಿನಿಂದ ಕೆಳಗೆ ಎರಡು ಸಲ ಜಾಲಾಡಿದ. ಹೆಂಡತಿಯನ್ನು ಕೇಳಬಹುದಿತ್ತು. ಆದರೆ ಜಗಳವಾಡಿದ ಬಾಯಲ್ಲಿ ಸಹಾಯ ಕೇಳುವುದು ಹೇಗೆ?

ಲೆಕ್ಕಪತ್ರ ವಿಭಾಗದ ಅಕ್ಕ ಇಣುಕಿದಳು. "ಏನಪ್ಪಾ, ಮುಖ ಹಿಂಡಿದ ಬಟ್ಟೆ ಥರ ಆಗಿದೆ?"

"ಟೋಕನ್ ಮಷೀನ್ ಅಳಿಸಿಬಿಟ್ಟೆ ಅನ್ಸುತ್ತೆ ಅಕ್ಕಾ."

"ನಿನ್ನೆ ತೆಗೆದಿಟ್ಟ ಬ್ಯಾಕಪ್ ಇದ್ಯಲ್ಲ, ಅದನ್ನೇ ಹಾಕು. ಯಾರಿಗೂ ಗೊತ್ತಾಗಲ್ಲ."

ಹಾಕಿದ. ಅದು ನಿದ್ದೆಯಿಂದೆದ್ದ ಮಗುವಿನಂತೆ ಒಂದರಿಂದ ಎಣಿಸಿ ಟೋಕನ್ ಹಂಚತೊಡಗಿತು. ಸ್ವಲ್ಪ ಹೊತ್ತಿಗೆಲ್ಲ ಡಾಕ್ಟರ ಬಾಗಿಲಲ್ಲಿ ಇಬ್ಬರು ಅಜ್ಜಂದಿರು ಎದುರಾಬದುರಾದರು.

"ಹನ್ನೆರಡು ನಂದು."

"ನಂದೂ ಹನ್ನೆರಡೇ. ಕಣ್ಣು ಕಾಣಲ್ವಾ?"

"ಕಂಡಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ?"

ಹೆಂಡತಿ ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದಳು. "ರೀ, ಇನ್ನೊಂದು ಟೋಕನ್ ಮಷೀನ್ ಎಲ್ಲಿಂದ ಬಂತು? ನಿಮ್ದನ್ನ ನಾನು ಬೆಳಿಗ್ಗೆನೇ ಕೆಳಗೆ ತಗೊಂಡಿದ್ದೀನಿ, ಅದು ಅಲ್ಲಿಂದಾನೇ ಟೋಕನ್ ಕೊಡ್ತಿದೆ."

"ನೀನಾ? ಯಾಕೆ?"

"ನಿಮ್ದೇ ಮೊದಲು ರಿಪೇರಿ ಆಗ್ಲಿ ಅಂತ." ದನಿ ತಗ್ಗಿತ್ತು. ಅಷ್ಟರಲ್ಲಿ ಅವಳ ಕಣ್ಣು ಅವನ ಪರದೆಯ ಮೇಲೆ ಬಿತ್ತು. "ನನ್ನ ಔಷಧಿ ಮಷೀನ್ ಇಲ್ಲೇನ್ ಮಾಡ್ತಿದೆ?"

ಅವನು ಕಿವಿಯ ಹಿಂದೆ ಕೆರೆದುಕೊಂಡ. ಅವಳಿಗೆ ಅರ್ಥವಾಯಿತು. ಅಕ್ಕ ಇದ್ದಾಳೆಂಬುದನ್ನೂ ಮರೆತು ಅವನ ಅಂಗಿಯ ಕಾಲರ್ ಸರಿಮಾಡಿದಳು.

ಬಾಗಿಲಲ್ಲಿ ಸ್ಕ್ರೂಡ್ರೈವರ್ ಹಿಡಿದು ರಿಪೇರಿಯವನು ನಿಂತಿದ್ದ. "ಯಾವುದು ಖಾಲಿ ಇದೆ ಸಾರ್?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಎರಡೂ ತುಂಬಿದ್ದವು. ಮತ್ತೆ ಸಾಗಿಸುವವರೆಗೆ ಕಾಯಲು ರಿಪೇರಿಯವನಿಗೆ ಪುರುಸೊತ್ತಿರಲಿಲ್ಲ. ಮುಂದಿನ ತಿಂಗಳು ಬರುತ್ತೇನೆಂದು ಹೊರಟೇಹೋದ.

ಅಕ್ಕ ನಿಟ್ಟುಸಿರಿಟ್ಟಳು. "ಮುಂದಿನ ಸಲ ಜಗಳ ಆಡಿದ್ರೆ ದಯವಿಟ್ಟು ರಾಜಿ ಆಗ್ಬೇಡ್ರಪ್ಪ. ಆಸ್ಪತ್ರೆ ತಡ್ಕೊಳಲ್ಲ."