ಮನಸ್ಸಿನ ಡಾಕ್ಟರನ ತಲೆಗೆ ಹರಳೆಣ್ಣೆ

ಚಹಾ ಕುಡಿಯುತ್ತ ಆಡಿದ ಒಂದೇ ಮಾತು ಮರಿಲಿಂಗನ ಇಡೀ ದಿನವನ್ನು ಕೆಡಿಸಿತು.

ಶಹಾಪುರದ ಮರಿಲಿಂಗ ಕಲಬುರಗಿಯಲ್ಲಿ ಸಂಶೋಧನೆ ಮಾಡುತ್ತಿದ್ದ. ನೆರೆಯಲ್ಲಿ ಎಲ್ಲ ಕಳಕೊಂಡವರ ಮನಸ್ಸಿನ ಗಾಯ ಹೇಗೆ ಮಾಯುತ್ತದೆ, ಅವರು ಮತ್ತೆ ಹೇಗೆ ಎದ್ದು ನಿಲ್ಲುತ್ತಾರೆ ಎಂಬುದು ಅವನ ವಿಷಯ. ಬೇರೆಯವರ ಗಾಯದ ಚಿಂತೆಯಲ್ಲಿ ಅವನಿಗೇ ನಿದ್ದೆ ಹತ್ತುತ್ತಿರಲಿಲ್ಲ. "ಈ ಸಲನೂ ಬರಿಗೈಲೆ ಬಂದ್ರ ವಿಷಯ ಬ್ಯಾರೆಯವರಿಗಿ ಕೊಡ್ತೀನಿ ನೋಡು" ಎಂದು ಮಾರ್ಗದರ್ಶಕಿ ದುರ್ಗಾದೇವಿ ಮೇಡಂ ಬೆಳಿಗ್ಗೆಯೇ ಫೋನು ಮಾಡಿ ಹೇಳಿದ್ದರು.

ತಿಂಥಣಿಯಲ್ಲಿ ಬಸ್ಸಿಳಿದು ಭಾಗಣ್ಣನ ಹೋಟೆಲಿನಲ್ಲಿ ಕೂತ.

"ಯಾವ ಆಫೀಸಿನವ್ರಿ?" ಭಾಗಣ್ಣ ಕೇಳಿದ.

"ಆಫೀಸಲ್ರಿ. ಮಂದಿ ಮನಸ್ಸಿನ ಬಗ್ಗೆ ಅಭ್ಯಾಸ ಮಾಡಾಕತ್ತೇನಿ."

ಬಸಿಗೆ ಸುರಿದ ಚಹಾ ಆರುವುದರೊಳಗೆ, ಊರಿಗೆ ಹುಚ್ಚರ ಡಾಕ್ಟರ್ ಬಂದಿದ್ದಾನೆಂಬ ಸುದ್ದಿ ಹೊಳೆದಂಡೆ ಮುಟ್ಟಿತು.

ಅವನು ಕಾಲಿಟ್ಟ ಓಣಿಯ ಬಾಗಿಲೆಲ್ಲ ಬೇಸಿಗೆ ರಜೆಯ ಶಾಲೆಯಂತೆ ಮುಚ್ಚಿಕೊಂಡವು. ಅವನು ಹುಡುಕಿಕೊಂಡು ಬಂದದ್ದು ಹಣಮಂತಮ್ಮನನ್ನು. ನೆರೆಯಲ್ಲಿ ಗಂಡನನ್ನು ಕಳಕೊಂಡು, ಮೀನು ಮಾರಿ ಮಗಳನ್ನು ಬೆಳೆಸಿದ ಹೆಂಗಸು. ಆಕೆ ಕಿಟಕಿಯಿಂದಲೇ ಗದರಿದಳು.

"ನಮ್ಮ ಭಾರತಿಗಿ ವರ ನೋಡಾಕತ್ತೇವಿ. ತಾಯಿಗಿ ಹುಚ್ಚಂತ ಸುದ್ದಿಯಾದ್ರ ನೀ ಲಗ್ನ ಆಗ್ತಿ ಏನು? ನಡಿ ನಡಿ!"

ಮರಿಲಿಂಗನಿಗೆ ನಡೆಯುವ ತ್ರಾಣವಿರಲಿಲ್ಲ. ಬಿಸಿಲಿಗೆ ತಲೆ ತಿರುಗಿ ಆಕೆಯ ಕಟ್ಟೆಯ ಮೇಲೆಯೇ ಕುಸಿದ. ಹಣಮಂತಮ್ಮ ನೀರಿನ ತಂಬಿಗೆ ಹಿಡಿದು ಓಡಿಬಂದಳು.

"ಕಣ್ಣು ಯಾಕ ಹಿಂಗ ಕೆಂಪಗ ಆಗ್ಯಾವ, ತಮ್ಮಾ?"

"ನಿದ್ದಿ ಬರಂಗಿಲ್ಲ ಯವ್ವಾ. ನಮ್ಮ ಮೇಡಂ ಫೋನ್ ಬಂದ್ರ ಸಾಕು, ಎದಿ ಢವಢವ ಅಂತದ" ಎಂದು ಮರಿಲಿಂಗ ಬಾಯಿಬಿಟ್ಟ.

ಅಷ್ಟೇ ಸಾಕಾಯಿತು. ಮುಚ್ಚಿದ ಬಾಗಿಲುಗಳೆಲ್ಲ ತೆರೆದವು. ಊರು ಅವನ ಸುತ್ತ ಸೇರಿತು.

"ದೃಷ್ಟಿ ಆಗ್ಯಾದ" ಎಂದಳು ಪಕ್ಕದ ಮನೆಯ ಸಾಯಬಮ್ಮ. ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.

"ಏ, ಲಗ್ನ ಮಾಡ್ರಿ, ಎಲ್ಲಾ ಆರಾಮ ಆಗ್ತದ" ಎಂದ ಹೋಟೆಲು ಬಿಟ್ಟು ಬಂದ ಭಾಗಣ್ಣ.

ಹಣಮಂತಮ್ಮ ಯಾರ ಮಾತೂ ಕೇಳದೆ ಅವನ ನೆತ್ತಿಗೆ ಹರಳೆಣ್ಣೆ ಸುರಿದು ಗಸಗಸ ತಿಕ್ಕಿದಳು. ಮೆಣಸಿನಕಾಯಿಯ ಘಾಟಿಗೆ ಮರಿಲಿಂಗ ಕೆಮ್ಮಿದ, ಅತ್ತ, ಸೀನಿದ. ಆಗಲೇ ಫೋನು ರಿಂಗಣಿಸಿತು. ಎಣ್ಣೆ ಇಳಿದು ಕಣ್ಣು ತೆರೆಯಲಾಗದ ಅವನ ಕಿಸೆಯಿಂದ ಹಣಮಂತಮ್ಮನೇ ಅದನ್ನು ಎಳೆದು ಕಿವಿಗೆ ಹಚ್ಚಿದಳು.

"ಯಾರ್ರಿ? ಮೇಡಂ ಏನು? ಹುಡುಗನ್ನ ಯಾಕ ಪರೇಶಾನ್ ಮಾಡಾಕತ್ತೀರಿ? ನಿದ್ದಿಗೆಟ್ಟವರ ಸಂಕಟ ನಿಮಗೇನು ಗೊತ್ತು? ನನಗ ಕೇಳ್ರಿ!"

ಆ ಕಡೆಯಿಂದ ಮೇಡಂ ನಿಜವಾಗಿಯೂ ಕೇಳಿದರೆಂದು ತೋರುತ್ತದೆ. ಹಣಮಂತಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಆಮೇಲೆ ಆಕೆಯ ದನಿ ಇಳಿಯಿತು.

"ತೆಪ್ಪ ತೇಲಿ ಹೊಂಟಿತ್ರಿ. ನನ್ನ ಗಂಡ ಹಿಡಿತೀನಂತ ಓಡಿದ. ಅದೂ ಬರಲಿಲ್ಲ, ಅವನೂ ಬರಲಿಲ್ಲ. ಇವತ್ತಿಗೂ ಮಳಿ ಸಪ್ಪಳ ಕೇಳಿದ್ರ ಎದ್ದು ಕೂಡ್ತೀನ್ರಿ..."

ಮಾತಾಡುತ್ತ ಆಕೆ ಹೊಳೆಯ ಕಡೆ ನಡೆದಳು. ಮರಿಲಿಂಗ ಹೌಹಾರಿದ. ತಿಂಗಳುಗಟ್ಟಲೆ ಬೆನ್ನು ಹತ್ತಿದ ಮಾತು ಎದುರಿಗೇ ಹರಿಯುತ್ತಿದೆ, ಧ್ವನಿಮುದ್ರಣ ಮಾಡಬೇಕಾದ ಫೋನು ಮಾತ್ರ ಆಕೆಯ ಕಿವಿಯಲ್ಲಿದೆ! ಎಣ್ಣೆ ಸುರಿಸುತ್ತ ಆಕೆಯ ಹಿಂದೆ ಓಡಿದ. ಸಾಯಬಮ್ಮ ಅವನ ಅಂಗಿ ಹಿಡಿದು ಜಗ್ಗಿದಳು.

"ನಾಚಿಕಿಲ್ಲೇನು? ಹೆಣ್ಮಕ್ಕಳ ಮಾತು ಕದ್ದು ಕೇಳ್ತಿಯಾ?"

ಹೊತ್ತು ಇಳಿದ ಮೇಲೆ ಹಣಮಂತಮ್ಮ ಕಣ್ಣೊರೆಸಿಕೊಳ್ಳುತ್ತ ಬಂದು ಫೋನು ಕೊಟ್ಟಳು. ಮೇಡಂ ಇನ್ನೂ ಆ ಕಡೆ ಇದ್ದರು.

"ಮರಿಲಿಂಗ, ಇಷ್ಟು ವರ್ಷದಾಗ ಇಂಥಾ ಮಾತು ನನಗ ಯಾರೂ ಹೇಳಿದ್ದಿಲ್ಲ. ಹೆಸರು ಹಾಕದಿದ್ರ ಆತಂತ ಆಕಿ ಒಪ್ಪಿಗಿ ಕೊಟ್ಟಾಳ, ಪ್ರಬಂಧ ನಾನೇ ಬರೀತೀನಿ. ನಿನ್ನ ಸುದ್ದಿನೂ ಹೇಳಿದಳು. ನೀ ರಜಾ ತಗೊಂಡು ದವಾಖಾನಿಗಿ ತೋರಿಸ್ಕೋ. ಆರಾಮಾದ ಮ್ಯಾಲ ನೋಡೋಣ."

ಮರಿಲಿಂಗ ಹಣಮಂತಮ್ಮನ ಎದುರು ಕೈಮುಗಿದ. "ಯವ್ವಾ, ಅದನ್ನ ನನಗೂ ಒಂದ್ಸಲ ಹೇಳು."

"ಆತು ತಮ್ಮಾ, ಹೇಳಿ ಮುಗೀತು. ಎದಿ ಹಗುರಾಗ್ಯಾದ."

ಹಣಮಂತಮ್ಮ ಬಾಯಿ ತುಂಬ ಆಕಳಿಸಿದಳು. ಕಟ್ಟೆಯ ಮೇಲೆಯೇ ಸೆರಗು ಹಾಸಿ ಅಡ್ಡಾದಳು. ನೋಡನೋಡುತ್ತಿದ್ದಂತೆ ಗೊರಕೆ ಶುರುವಾಯಿತು.

"ಶ್ಶ್! ಎಬ್ಬಿಸಬ್ಯಾಡ. ಎಷ್ಟು ವರ್ಷಕ್ಕ ಮಲಗ್ಯಾಳ" ಎಂದು ಸಾಯಬಮ್ಮ ಬೀಸಣಿಕೆಯನ್ನು ಮರಿಲಿಂಗನ ಕೈಗಿತ್ತಳು. "ಹ್ಯಾಂಗೂ ನಿನಗ ನಿದ್ದಿ ಬರಂಗಿಲ್ಲ. ಕುಂತು ನೊಣ ಹೊಡಿ."